ಫ್ರಿಜ್ ಕೈಕೊಟ್ಟರೆ ರಿಪೇರಿಯೋ, ಹೊಸದೋ?

ಹಳೆಯ ಫ್ರಿಜ್ ತಣ್ಣಗಾಗದಿದ್ದರೆ ಮೆಕ್ಯಾನಿಕ್ ಒಂದು ಹೇಳುತ್ತಾನೆ, ಅಂಗಡಿಯವ ಇನ್ನೊಂದು ಹೇಳುತ್ತಾನೆ. ಇಬ್ಬರ ಮಾತಿಗೂ ಮೊದಲು ಮನೆಯವರೇ ಮಾಡಬಹುದಾದ ಪರೀಕ್ಷೆಗಳಿವೆ, ಹಾಕಬಹುದಾದ ಲೆಕ್ಕಗಳಿವೆ.

ಬೇಸಿಗೆ ಬಂತೆಂದರೆ ಮನೆಗೊಂದು ಹೊಸ ಮಡಕೆ ಬರುತ್ತಿದ್ದ ಕಾಲವಿತ್ತು. ಮಡಕೆ ಒಡೆದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮುಂದಿನ ಸಂತೆಯಲ್ಲಿ ಇನ್ನೊಂದು ಸಿಗುತ್ತಿತ್ತು. ಆ ಮಡಕೆಯ ಜಾಗದಲ್ಲಿ ಈಗ ಫ್ರಿಜ್ ಬಂದು ನಿಂತಿದೆ. ಗೋದ್ರೆಜ್ ಕಂಪೆನಿ 1958ರಲ್ಲಿ ಭಾರತದಲ್ಲೇ ಫ್ರಿಜ್ ತಯಾರಿಸತೊಡಗಿದಾಗ ಅದು ಸಿರಿವಂತರ ಮನೆಯ ವಸ್ತು. ಇಂದು ಅದು ಒಂದು ಕೋಣೆಯ ಬಾಡಿಗೆ ಮನೆಯಲ್ಲೂ ಇದೆ. ಮನೆಯ ಹಿರಿಯರು ಅದನ್ನು ‘ತಂಗಳು ಪೆಟ್ಟಿಗೆ’ ಎಂದು ಹಾಸ್ಯ ಮಾಡಿದರೂ ಹಾಲು, ಮೊಸರು, ದೋಸೆ ಹಿಟ್ಟು, ವಾರದ ತರಕಾರಿ ಎಲ್ಲವೂ ಅದೇ ಪೆಟ್ಟಿಗೆಯನ್ನು ನಂಬಿಕೊಂಡಿವೆ. ಅಜ್ಜ ಅಜ್ಜಿಗೆ ಸಕ್ಕರೆ ಕಾಯಿಲೆ ಇದ್ದರೆ ಇನ್ಸುಲಿನ್ ಕೂಡ ಅಲ್ಲೇ.

ಮಾರತ್ತಹಳ್ಳಿಯಂಥ ಕಡೆ ಈ ನಂಬಿಕೆ ಇನ್ನೂ ಹೆಚ್ಚು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ವೈಟ್‌ಫೀಲ್ಡ್ ಕಡೆಗೋ ಹೊರವರ್ತುಲ ರಸ್ತೆಯ ಕಚೇರಿಗೋ ಹೊರಟರೆ ಮನೆ ಸೇರುವುದು ರಾತ್ರಿ. ಭಾನುವಾರ ರುಬ್ಬಿಟ್ಟ ಹಿಟ್ಟು ಗುರುವಾರದವರೆಗೆ ಬಂದರೆ ಮಾತ್ರ ಮಕ್ಕಳಿಗೆ ಬೆಳಗಿನ ತಿಂಡಿ. ಅಂಥ ಮನೆಯಲ್ಲಿ ಮೇ ತಿಂಗಳ ಕೊನೆಗೆ ಫ್ರಿಜ್ ಕೈಕೊಟ್ಟಿತು ಎಂದಿಟ್ಟುಕೊಳ್ಳಿ. ಶಾಲೆ, ಕಾಲೇಜುಗಳ ಶುಲ್ಕ ಕಟ್ಟುವ ಸಮಯವೂ ಅದೇ. ‘ಹತ್ತು ವರ್ಷ ಆಯ್ತಲ್ಲ, ಎಸೆದು ಹೊಸದು ತಗೊಳ್ಳಿ’ ಎಂದು ಪಕ್ಕದ ಮನೆಯವರು. ‘ಗ್ಯಾಸ್ ತುಂಬಿಸಿದರೆ ಸರಿಹೋಗುತ್ತೆ ಮೇಡಂ’ ಎಂದು ಮೆಕ್ಯಾನಿಕ್. ‘ಕಂತಿನಲ್ಲಿ ಕೊಡ್ತೀವಿ, ಹಳೆಯದನ್ನು ನಾವೇ ತಗೊಂಡು ಹೋಗ್ತೀವಿ’ ಎಂದು ಅಂಗಡಿಯವರು. ಮೂವರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಯಾರೂ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಕೇಳಿಲ್ಲ: ಕೆಟ್ಟಿರುವುದು ಯಾವ ಭಾಗ?

ಆ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ತೀರ್ಮಾನ ತಾನಾಗಿಯೇ ಆಗುತ್ತದೆ. ಉಳಿದರ್ಧವನ್ನು ಮನೆಯ ಕರೆಂಟ್ ಮೀಟರ್ ಹೇಳುತ್ತದೆ. ಫ್ರಿಜ್ಜಿನ ವಯಸ್ಸಿಗೆ ಇವೆರಡರ ನಂತರದ ಸ್ಥಾನ.

ತಂಪು ತರುವುದಲ್ಲ, ಬಿಸಿ ಹೊರುವುದು

ಹೈಸ್ಕೂಲಿನ ವಿದ್ಯಾರ್ಥಿಗಳಿಗೆ ಒಂದು ಹಳೆಯ ಒಗಟು ಗೊತ್ತಿರಬಹುದು. ಸೆಖೆಯ ದಿನ ಅಡುಗೆ ಮನೆಯ ಬಾಗಿಲು, ಕಿಟಕಿ ಮುಚ್ಚಿ ಫ್ರಿಜ್ ಬಾಗಿಲು ತೆರೆದಿಟ್ಟರೆ ಕೋಣೆ ತಂಪಾಗುತ್ತದೆಯೇ? ಇಲ್ಲ, ಇನ್ನಷ್ಟು ಬಿಸಿಯಾಗುತ್ತದೆ. ಏಕೆಂದರೆ ಫ್ರಿಜ್ ತಂಪನ್ನು ಉತ್ಪಾದಿಸುವ ಯಂತ್ರವಲ್ಲ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುವ ಕೂಲಿಯಾಳು. ಹಾಗೆ ಹೊರುವಾಗ ತಾನು ತಿಂದ ವಿದ್ಯುತ್ತನ್ನೂ ಬಿಸಿಯಾಗಿಯೇ ಹೊರಗೆ ಬಿಡುತ್ತದೆ.

ಬಿಸಿಯನ್ನು ಹೊರುವ ಗಾಡಿಯೇ ಕೊಳವೆಗಳಲ್ಲಿ ಸುತ್ತುವ ಅನಿಲ. ಫ್ರಿಜ್ಜಿನ ಹಿಂಭಾಗದ ಬುಡದಲ್ಲಿರುವ ಕಪ್ಪು ಗುಂಡು ಡಬ್ಬಿಯೇ ಕಂಪ್ರೆಸರ್. ಅದು ಅನಿಲವನ್ನು ಒತ್ತಿ ಬಿಸಿ ಮಾಡುತ್ತದೆ. ಆ ಬಿಸಿ ಹಿಂಬದಿಯ ಕಪ್ಪು ಜಾಲರಿಯಲ್ಲಿ, ಹೊಸ ಮಾದರಿಗಳಲ್ಲಾದರೆ ಪಕ್ಕದ ಗೋಡೆಯೊಳಗೆ ಹುದುಗಿಸಿದ ಕೊಳವೆಗಳಲ್ಲಿ, ಗಾಳಿಗೆ ಸೇರಿ ಅನಿಲ ದ್ರವವಾಗುತ್ತದೆ. ಆ ದ್ರವ ಕೂದಲಿನಷ್ಟು ಸಣ್ಣ ರಂಧ್ರದ ಕೊಳವೆಯನ್ನು ಹಾದು ಫ್ರೀಜರ್ ಸೇರಿದಾಗ ಒತ್ತಡ ಒಮ್ಮೆಲೇ ಇಳಿದು ಕುದಿಯತೊಡಗುತ್ತದೆ. ಕುದಿಯಲು ಬೇಕಾದ ಬಿಸಿಯನ್ನು ನಮ್ಮ ಹಾಲು, ತರಕಾರಿಗಳಿಂದ ಎಳೆದುಕೊಳ್ಳುತ್ತದೆ. ಬೆವರು ಆರುವಾಗ ಮೈ ತಂಪಾಗುವುದೂ, ಮಡಕೆಯ ಮೈಯಿಂದ ನೀರು ಜಿನುಗಿ ಆರುವಾಗ ಒಳಗಿನ ನೀರು ತಣ್ಣಗಾಗುವುದೂ ಇದೇ ತತ್ತ್ವದ ಮೇಲೆ. ವ್ಯತ್ಯಾಸವಿಷ್ಟೆ: ಮಡಕೆಯ ನೀರು ಆರಿ ಹೋಗುತ್ತದೆ, ಫ್ರಿಜ್ಜಿನ ಅನಿಲ ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ಮತ್ತೆ ಮತ್ತೆ ಸುತ್ತುತ್ತದೆ.

ಈ ಕೊನೆಯ ಮಾತನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಫ್ರಿಜ್ಜಿಗೆ ಎರಡು ಭಾಗಗಳಿವೆ. ಕಂಪ್ರೆಸರ್, ಕೊಳವೆ, ಅನಿಲ ಸೇರಿದ, ಬೆಸುಗೆ ಹಾಕಿ ಮುಚ್ಚಿದ ವರ್ತುಲ ಒಂದು. ಅದರ ಹೊರಗಿರುವ ಬಾಗಿಲ ರಬ್ಬರ್, ಥರ್ಮೋಸ್ಟಾಟ್, ರಿಲೇ, ಫ್ಯಾನ್, ಬಲ್ಬು, ವೈರುಗಳು ಇನ್ನೊಂದು. ಹೊರಗಿನ ಸಾಮಾನುಗಳನ್ನು ಕೊಳವೆ ಕತ್ತರಿಸದೆ ಬದಲಾಯಿಸಬಹುದು. ಬಹುಮಟ್ಟಿಗೆ ಅದು ನೂರರ ಲೆಕ್ಕದ ಖರ್ಚು. ಮುಚ್ಚಿದ ವರ್ತುಲಕ್ಕೆ ಕೈಹಾಕಿದರೆ ಖರ್ಚು ಸಾವಿರಕ್ಕೇರುತ್ತದೆ. ರಿಪೇರಿಯೋ ಹೊಸದೋ ಎಂಬ ಪ್ರಶ್ನೆ ನಿಜವಾಗಿ ಏಳುವುದು ಈ ಎರಡನೆಯ ಸಂದರ್ಭದಲ್ಲಿ ಮಾತ್ರ.

ಲಕ್ಷಣ ನೋಡಿ ರೋಗ ಹಿಡಿಯಿರಿ

ವೈದ್ಯರ ಬಳಿ ಹೋಗುವ ಮುನ್ನ ಜ್ವರ ಎಷ್ಟಿದೆ ಎಂದು ನೋಡಿಕೊಳ್ಳುವಂತೆ ಮೆಕ್ಯಾನಿಕ್ ಬರುವ ಮುನ್ನ ಮನೆಯವರೇ ಕೆಲವನ್ನು ಗಮನಿಸಬಹುದು.

ಮೊದಲು ತಾಪಮಾನ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ರಾತ್ರಿಯಿಡೀ ಫ್ರಿಜ್ಜಿನ ನಡು ಅಂತಸ್ತಿನಲ್ಲಿ ಬಿಡಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು. ಪ್ರಯೋಗಶಾಲೆಯಲ್ಲಿ ಬಳಸುವಂಥದ್ದು ಬೇಕು. ಬೆಳಿಗ್ಗೆ 4 ಅಥವಾ 5 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಫ್ರಿಜ್ ಆರೋಗ್ಯವಾಗಿದೆ. 10 ಡಿಗ್ರಿ ದಾಟಿದ್ದರೆ ಹಾಲು, ಮಾಂಸ, ಬೇಯಿಸಿದ ಅಡುಗೆಯನ್ನು ಅದರಲ್ಲಿ ನಂಬಿ ಇಡಬಾರದು.

ಬಲ್ಬು ಉರಿಯುತ್ತದೆ, ಆದರೆ ಕಂಪ್ರೆಸರ್ ಸದ್ದೇ ಇಲ್ಲ ಎಂದರೆ ಅನುಮಾನ ಮೊದಲು ಥರ್ಮೋಸ್ಟಾಟ್ ಮೇಲೆ. ಕೆಲವು ನಿಮಿಷಕ್ಕೊಮ್ಮೆ ‘ಟಕ್’ ಎಂದು ಸದ್ದಾಗಿ ಮತ್ತೆ ನಿಶ್ಶಬ್ದವಾಗುತ್ತಿದ್ದರೆ ಕಂಪ್ರೆಸರ್ ಹೊರಡಲು ಹೆಣಗುತ್ತಿದೆ ಎಂದರ್ಥ. ಇದಕ್ಕೆ ಕಾರಣ ವೋಲ್ಟೇಜ್ ಕಡಿಮೆ ಇರುವುದಿರಬಹುದು, ಅದರ ಪಕ್ಕದ ಪುಟ್ಟ ರಿಲೇ ಸುಟ್ಟಿರಬಹುದು, ಅಥವಾ ಕಂಪ್ರೆಸರೇ ಹೋಗಿರಬಹುದು. ರಿಲೇ ಬದಲಾಯಿಸಿ ನೋಡದೆ, ವೋಲ್ಟೇಜ್ ಅಳೆಯದೆ ‘ಕಂಪ್ರೆಸರ್ ಹೋಗಿದೆ’ ಎಂದು ಘೋಷಿಸುವವರನ್ನು ಸುಲಭವಾಗಿ ನಂಬಬೇಡಿ.

ಹಗಲೂ ರಾತ್ರಿ ಬಿಡುವಿಲ್ಲದೆ ಓಡುತ್ತದೆ, ಆದರೂ ತಂಪು ಸಾಲದು ಎಂಬುದು ಇನ್ನೊಂದು ದೂರು. ಹತ್ತು ರೂಪಾಯಿಯ ನೋಟೊಂದನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಮೆಲ್ಲನೆ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ರಬ್ಬರ್ ಸರಿಯಿದೆ. ಸರಾಗವಾಗಿ ಜಾರಿ ಬಂದರೆ ಅಲ್ಲಿಂದ ಬಿಸಿಗಾಳಿ ಒಳನುಗ್ಗುತ್ತಿದೆ. ಬಾಗಿಲಿನ ನಾಲ್ಕೂ ಬದಿಗೆ ಹೀಗೆ ನೋಡಬೇಕು. ಕೆಲವೊಮ್ಮೆ ರಬ್ಬರಿನ ಸಂದಿಯಲ್ಲಿ ಕೂತ ಜಿಡ್ಡನ್ನು ಸೋಪಿನ ನೀರಿನಲ್ಲಿ ಒರೆಸಿದರೇ ಸಾಕಾಗುತ್ತದೆ. ಆಮೇಲೆ ಹಿಂಬದಿಯ ಜಾಲರಿ ನೋಡಿ. ರಸ್ತೆ ಕಾಮಗಾರಿ, ಕಟ್ಟಡ ಕೆಲಸ ನಡೆಯುವ ಬಡಾವಣೆಗಳಲ್ಲಿ ಅದರ ಮೇಲೆ ಧೂಳು ಕಂಬಳಿಯಂತೆ ಹೊದ್ದಿರುತ್ತದೆ. ಬಾಡಿಗೆ ಮನೆಯ ಕಿರಿದಾದ ಅಡುಗೆ ಮನೆಯಲ್ಲಿ ಫ್ರಿಜ್ಜನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರಂತೂ ಬಿಸಿ ಹೊರಹೋಗುವ ದಾರಿಯೇ ಇಲ್ಲ. ಪ್ಲಗ್ ಕಿತ್ತು ಬ್ರಷ್ಷಿನಿಂದ ಧೂಳು ತೆಗೆದು ಗೋಡೆಯಿಂದ ಒಂದು ಗೇಣು ಮುಂದೆ ಸರಿಸಿದರೆ ಎಷ್ಟೋ ‘ಕೆಟ್ಟ’ ಫ್ರಿಜ್ಜುಗಳು ಸುಧಾರಿಸುತ್ತವೆ.

ಎರಡು ಬಾಗಿಲಿನ ಫ್ರಾಸ್ಟ್-ಫ್ರೀ ಮಾದರಿಯಲ್ಲಿ ಮೇಲಿನ ಫ್ರೀಜರ್ ತಣ್ಣಗಿದ್ದು ಕೆಳಗಡೆ ಬೆಚ್ಚಗಿದ್ದರೆ ಒಳಗೆ ಮಂಜು ಕಟ್ಟಿ ಗಾಳಿಯ ದಾರಿ ಮುಚ್ಚಿರುವ ಸಾಧ್ಯತೆ ಹೆಚ್ಚು. ಒಂದು ದಿನ ಪೂರ್ತಿ ಪ್ಲಗ್ ಕಿತ್ತು ಬಾಗಿಲು ತೆರೆದಿಡಿ. ಮತ್ತೆ ಹಾಕಿದಾಗ ಕೆಲವು ದಿನ ಚೆನ್ನಾಗಿ ನಡೆದು ಪುನಃ ಅದೇ ತೊಂದರೆ ಬಂದರೆ ಮಂಜು ಕರಗಿಸುವ ಹೀಟರ್ ಅಥವಾ ಅದರ ಸೆನ್ಸರ್ ಕೆಟ್ಟಿದೆ. ಇದೂ ಮುಚ್ಚಿದ ವರ್ತುಲದ ಹೊರಗಿನ ಸಾಮಾನೇ. ಫ್ರಿಜ್ಜಿನ ಒಳಗೆ, ಕೆಳಗೆ ನೀರು ನಿಲ್ಲುತ್ತಿದ್ದರೆ ಬಹುಪಾಲು ನೀರು ಹೋಗುವ ತೂತು ಕಟ್ಟಿಕೊಂಡಿರುತ್ತದೆ, ಅಷ್ಟೆ. ಆದರೆ ಮುಟ್ಟಿದಾಗ ಜುಮ್ಮೆಂದರೆ ತಡಮಾಡದೆ ಮೈನ್ ಸ್ವಿಚ್ ಆರಿಸಿ ಎಲೆಕ್ಟ್ರೀಷಿಯನ್ ಕರೆಯಿರಿ. ಅದು ಪರೀಕ್ಷೆ ಮಾಡುತ್ತ ಕೂರುವ ವಿಷಯವಲ್ಲ.

‘ಗ್ಯಾಸ್ ಹೋಗಿದೆ’ ಎಂಬ ಮಾತು

ಫ್ರೀಜರಿನ ಒಂದು ಮೂಲೆಯಲ್ಲಷ್ಟೇ ಮಂಜು ಕಟ್ಟಿ ಉಳಿದ ಭಾಗ ಒಣಗಿದ್ದರೆ, ಕಂಪ್ರೆಸರ್ ಓಡುತ್ತಲೇ ಇದ್ದರೆ, ಅನಿಲ ಕಡಿಮೆಯಾಗಿರುವುದು ನಿಜವಿರಬಹುದು. ಆಗ ಮೆಕ್ಯಾನಿಕ್ ‘ಗ್ಯಾಸ್ ತುಂಬಿಸಬೇಕು’ ಎನ್ನುತ್ತಾನೆ. ಮನೆಯವರು ಕೇಳಬೇಕಾದ ಮರುಪ್ರಶ್ನೆ ಒಂದೇ: ‘ಲೀಕ್ ಎಲ್ಲಿದೆ ಅಂತ ನೋಡಿದ್ರಾ?’

ಫ್ರಿಜ್ಜಿನ ಅನಿಲ ಸ್ಕೂಟರಿನ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಹದಿನೈದು ವರ್ಷ ಸುತ್ತಿದರೂ ಅದು ಅಷ್ಟೇ ಇರಬೇಕು. ಕಡಿಮೆಯಾಗಿದೆಯೆಂದರೆ ಎಲ್ಲೋ ತೂತಿದೆ. ತೂತು ಮುಚ್ಚದೆ ಅನಿಲ ತುಂಬಿಸುವುದು ಒಡೆದ ಕೊಡಕ್ಕೆ ನೀರು ಸುರಿದಂತೆ. ವರ್ಷ ವರ್ಷ ಗ್ಯಾಸ್ ಹಾಕಿಸುವ ಮನೆಗಳು ಹಣ ಕಳೆದುಕೊಳ್ಳುವುದು ಹೀಗೆಯೇ.

ತೂತು ಎಲ್ಲಿದೆ ಎಂಬುದರ ಮೇಲೆ ತೀರ್ಮಾನ ನಿಂತಿದೆ. ಹಿಂಬದಿಯಲ್ಲಿ ಕಣ್ಣಿಗೆ ಕಾಣುವ ಬೆಸುಗೆಯಲ್ಲಿದ್ದರೆ ಮುಚ್ಚಬಹುದು. ಒಂದು ಬಾಗಿಲಿನ ಫ್ರಿಜ್ಜುಗಳಲ್ಲಿ ಮನೆಯವರೇ ತಂದುಕೊಳ್ಳುವ ತೂತೊಂದಿದೆ: ಕಟ್ಟಿದ ಐಸನ್ನು ಚಾಕು, ಸ್ಕ್ರೂಡ್ರೈವರ್‌ನಿಂದ ಕೆರೆಯುವಾಗ ಫ್ರೀಜರಿನ ತೆಳು ಅಲ್ಯೂಮಿನಿಯಂ ತಗಡು ತೂತಾಗುವುದು. ಐಸ್ ತಾನಾಗಿ ಕರಗುವವರೆಗೆ ಕಾಯುವ ತಾಳ್ಮೆ ಇದ್ದರೆ ಈ ಖರ್ಚೇ ಇಲ್ಲ. ಇನ್ನು ಹೊಸ ಮಾದರಿಗಳ ಪಕ್ಕದ ಗೋಡೆಯ ಫೋಮ್ ಒಳಗೆ ಹುದುಗಿದ ಕೊಳವೆ ತೂತಾದರೆ ಅಲ್ಲಿಗೆ ಕೈ ಎಟುಕುವುದೇ ಕಷ್ಟ. ಕೆಲವರು ಹೊರಗಡೆ ಬೇರೆ ಜಾಲರಿ ಜೋಡಿಸಿ ಕೊಡುತ್ತಾರೆ. ಹಳೆಯ ಫ್ರಿಜ್ಜಿಗೆ ಅಷ್ಟು ಖರ್ಚು ಮಾಡುವ ಮುನ್ನ ಎರಡು ಸಲ ಯೋಚಿಸಬೇಕು.

ಯಾವ ಅನಿಲ ಎಂಬುದೂ ಮುಖ್ಯ. ಫ್ರಿಜ್ಜಿನ ಹಿಂದೆ ಅಥವಾ ಕಂಪ್ರೆಸರ್ ಮೇಲೆ ಅಂಟಿಸಿದ ಚೀಟಿಯಲ್ಲಿ ಅದರ ಹೆಸರಿರುತ್ತದೆ. ತೀರಾ ಹಳೆಯದಾದರೆ ಆರ್-12, ಆನಂತರದ್ದಾದರೆ ಆರ್-134ಎ, ಈಚಿನವುಗಳಲ್ಲಿ ಹೆಚ್ಚಾಗಿ ಆರ್-600ಎ. ಒಂದರ ಬದಲು ಇನ್ನೊಂದನ್ನು ತುಂಬುವಂತಿಲ್ಲ. ಒತ್ತಡ ಬೇರೆ, ಕಂಪ್ರೆಸರಿನ ಎಣ್ಣೆಯೂ ಬೇರೆ. ಆರ್-600ಎ ಎಂದರೆ ಐಸೊಬ್ಯುಟೇನ್, ನಮ್ಮ ಅಡುಗೆ ಅನಿಲದ ಸಂಬಂಧಿ. ಮನೆಯ ಫ್ರಿಜ್ಜಿನಲ್ಲಿ ಅದು ಕೆಲವು ಹತ್ತು ಗ್ರಾಂ ಮಾತ್ರ ಇರುವುದರಿಂದ ದಿನನಿತ್ಯದ ಬಳಕೆಗೆ ಭಯವಿಲ್ಲ. ಆದರೆ ಬೆಂಕಿ ಹತ್ತುವ ಅನಿಲವಾದ್ದರಿಂದ ಅದರ ಕೊಳವೆ ಬಿಚ್ಚುವಾಗ, ಬೆಸುಗೆ ಹಾಕುವಾಗ ತರಬೇತಿ ಪಡೆದವರೇ ಬೇಕು. ಕಿಟಕಿ ತೆರೆದಿರಬೇಕು, ಪಕ್ಕದಲ್ಲಿ ಗ್ಯಾಸ್ ಒಲೆ ಉರಿಯುತ್ತಿರಬಾರದು.

ಮಕ್ಕಳ ಪಾಠಪುಸ್ತಕದ ಓಜೋನ್ ಪದರಕ್ಕೂ ಈ ಚೀಟಿಗೂ ನಂಟಿದೆ. 1928ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ವಿಷವಲ್ಲದ, ಉರಿಯದ ಅನಿಲವೆಂದು ಸಿಎಫ್‌ಸಿಯನ್ನು ಫ್ರಿಜ್ಜಿಗೆ ತಂದರು. ಆರ್-12 ಅದೇ ಕುಟುಂಬದ್ದು. ಅದು ಮೇಲಕ್ಕೇರಿ ಓಜೋನ್ ಪದರವನ್ನು ತಿನ್ನಬಲ್ಲದೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ತೋರಿಸಿದರು; ಇದೇ ಕ್ಷೇತ್ರದ ಕೆಲಸಕ್ಕೆ ಕ್ರುಟ್ಜೆನ್ ಜೊತೆ 1995ರಲ್ಲಿ ನೊಬೆಲ್ ಪಡೆದರು. 1987ರ ಮಾಂಟ್ರಿಯಲ್ ಒಪ್ಪಂದದಂತೆ ಜಗತ್ತು ಅದನ್ನು ಕೈಬಿಡುತ್ತ ಬಂತು. ಭಾರತ 1992ರಲ್ಲಿ ಒಪ್ಪಂದ ಸೇರಿ, 2003ರಿಂದ ಹೊಸ ಫ್ರಿಜ್ಜುಗಳಲ್ಲಿ ಸಿಎಫ್‌ಸಿ ಬಳಕೆ ನಿಲ್ಲಿಸಿತು. ಆದ್ದರಿಂದ ಆರ್-12 ಚೀಟಿಯ ಫ್ರಿಜ್ಜಿನ ಅನಿಲ ಸೋರಿಹೋಗಿದ್ದರೆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಅದಕ್ಕೆ ನಿವೃತ್ತಿ ಕೊಡುವುದೇ ಸರಿ.

ಮೀಟರ್ ಹೇಳುವ ಲೆಕ್ಕ

‘ಹಳೆಯ ಫ್ರಿಜ್ ಕರೆಂಟ್ ತಿನ್ನುತ್ತದೆ, ಹೊಸದು ಉಳಿಸುತ್ತದೆ’ ಎಂಬುದು ಅಂಗಡಿಗಳಲ್ಲಿ ಕೇಳಿಬರುವ ಮಾತು. ನಿಜವೇ ಎಂದು ಮನೆಯ ವಿದ್ಯಾರ್ಥಿಯೇ ಲೆಕ್ಕ ಹಾಕಿ ನೋಡಬಹುದು. ಶನಿವಾರ, ಭಾನುವಾರ ಊರಿಗೆ ಹೋಗುವಾಗ ಫ್ರಿಜ್ ಒಂದನ್ನು ಬಿಟ್ಟು ಉಳಿದೆಲ್ಲ ಸ್ವಿಚ್ಚುಗಳನ್ನು ಆರಿಸಿ ಮೀಟರ್ ಸಂಖ್ಯೆ ಬರೆದುಕೊಳ್ಳಿ. ಬಂದ ಮೇಲೆ ಮತ್ತೆ ನೋಡಿ. ವ್ಯತ್ಯಾಸವನ್ನು ದಿನಗಳಿಂದ ಭಾಗಿಸಿದರೆ ದಿನಕ್ಕೆಷ್ಟು ಯೂನಿಟ್ ಎಂದು ತಿಳಿಯುತ್ತದೆ. ಬಾಗಿಲು ತೆರೆಯದ ದಿನಗಳಾದ್ದರಿಂದ ನಿಜವಾದ ಬಳಕೆ ಸ್ವಲ್ಪ ಹೆಚ್ಚೇ ಇರುತ್ತದೆ.

ಮೂರು ಉದಾಹರಣೆಗಳನ್ನು ತೆಗೆದುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಯೂನಿಟ್ಟಿಗೆ 6 ರೂಪಾಯಿ, ಹೊಸ ಫ್ರಿಜ್ಜಿನ ಬೆಲೆ 16,000 ರೂಪಾಯಿ, ಅದರ ಲೇಬಲ್ಲಿನಲ್ಲಿ ವರ್ಷಕ್ಕೆ 200 ಯೂನಿಟ್ ಎಂದು ಬರೆದಿದೆ ಎಂದಿಟ್ಟುಕೊಳ್ಳೋಣ. ನಿಮ್ಮ ಬಿಲ್ಲಿನ ದರ, ನೀವು ನೋಡಿದ ಬೆಲೆ ಹಾಕಿಕೊಂಡು ಲೆಕ್ಕ ಬದಲಾಯಿಸಿಕೊಳ್ಳಿ.

ಒಂದನೆಯದು, ಆರೋಗ್ಯವಾಗಿರುವ ಹಳೆಯ ಫ್ರಿಜ್. ದಿನಕ್ಕೆ 1.2 ಯೂನಿಟ್, ವರ್ಷಕ್ಕೆ 438. ಹೊಸದಕ್ಕಿಂತ 238 ಯೂನಿಟ್ ಹೆಚ್ಚು. ಹಣದಲ್ಲಿ 1,428 ರೂಪಾಯಿ. ಕರೆಂಟ್ ಉಳಿತಾಯದಿಂದಲೇ 16,000 ವಾಪಸ್ ಬರಬೇಕಾದರೆ ಹನ್ನೊಂದು ವರ್ಷಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ಹೊಸದೇ ಹಳೆಯದಾಗಿರುತ್ತದೆ. ಅಂದರೆ ಸರಿಯಾಗಿ ನಡೆಯುತ್ತಿರುವುದನ್ನು ಕರೆಂಟ್ ಉಳಿಸುವ ನೆಪದಲ್ಲಿ ಬದಲಾಯಿಸುವುದು ಲಾಭವಲ್ಲ.

ಎರಡನೆಯದು, ಬಾಗಿಲ ರಬ್ಬರ್ ಹೋಗಿ ಬಿಡುವಿಲ್ಲದೆ ಓಡುತ್ತಿರುವ ಫ್ರಿಜ್. 150 ವಾಟಿನ ಯಂತ್ರ 24 ಗಂಟೆ ಓಡಿದರೆ 3.6 ಯೂನಿಟ್, ತಿಂಗಳಿಗೆ 108, ವರ್ಷಕ್ಕೆ 1,314. ಹೊಸದು ತಂದರೆ ವರ್ಷಕ್ಕೆ 1,114 ಯೂನಿಟ್, ಅಂದರೆ 6,684 ರೂಪಾಯಿ ಉಳಿದು ಸುಮಾರು ಎರಡೂವರೆ ವರ್ಷದಲ್ಲಿ ಹಾಕಿದ ಹಣ ಹುಟ್ಟುತ್ತದೆ. ಅಂಗಡಿಯವರ ಮಾತು ನಿಜವೆನಿಸುವುದು ಇಲ್ಲಿ.

ಮೂರನೆಯದು, ಅದೇ ಎರಡನೆಯ ಫ್ರಿಜ್ಜಿಗೆ 900 ರೂಪಾಯಿಯಲ್ಲಿ ಹೊಸ ರಬ್ಬರ್ ಹಾಕಿಸಿದರೆ? ಅದು ಮತ್ತೆ ದಿನಕ್ಕೆ 1.2 ಯೂನಿಟ್ಟಿಗೆ ಬಂದರೆ ವರ್ಷಕ್ಕೆ 876 ಯೂನಿಟ್, 5,256 ರೂಪಾಯಿ ಉಳಿಯುತ್ತದೆ. ಹಾಕಿದ 900 ರೂಪಾಯಿ ಎರಡೇ ತಿಂಗಳಲ್ಲಿ ವಾಪಸ್. ಹಳೆಯದು ಕರೆಂಟ್ ತಿನ್ನುತ್ತಿದ್ದುದು ವಯಸ್ಸಿನಿಂದಲ್ಲ, ರೋಗದಿಂದ.

ಗೃಹಜ್ಯೋತಿ ಯೋಜನೆಯ ಮನೆಗಳಿಗೆ ಈ ಲೆಕ್ಕ ಇನ್ನೂ ಹತ್ತಿರದ್ದು. 2023ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಉಚಿತ ಯೂನಿಟ್ ನಿಗದಿಯಾಗುವುದು ಹಿಂದಿನ ಸರಾಸರಿ ಬಳಕೆಯ ಮೇಲೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಒಂದು ಕೆಟ್ಟ ಫ್ರಿಜ್ಜೇ 108 ಯೂನಿಟ್ ನುಂಗಿದರೆ ಆ ಗೆರೆ ದಾಟಲು ಹೆಚ್ಚು ಹೊತ್ತು ಬೇಡ. ಬಿಲ್ ಇದ್ದಕ್ಕಿದ್ದಂತೆ ಏರಿದ ಮನೆಯವರು ಮೊದಲು ಫ್ರಿಜ್ಜಿನತ್ತ ನೋಡುವುದು ಒಳ್ಳೆಯದು.

ಹೊಸದು ಕೊಳ್ಳುವುದೇ ಸರಿಯಾದಾಗ

ರಿಪೇರಿ ಖರ್ಚು ಹೊಸದರ ಬೆಲೆಯ ಅರ್ಧಕ್ಕಿಂತ ಹೆಚ್ಚಾಗಿದ್ದು, ಯಂತ್ರ ತನ್ನ ಆಯುಸ್ಸಿನ ಅರ್ಧ ದಾಟಿದ್ದರೆ ಬದಲಾಯಿಸಿ ಎಂಬುದು ಜನ ಸಾಮಾನ್ಯವಾಗಿ ಅನುಸರಿಸುವ ಸೂತ್ರ. ಫ್ರಿಜ್ಜಿನ ಆಯುಸ್ಸು ಹತ್ತರಿಂದ ಹದಿನೈದು ವರ್ಷ ಎಂದು ಹಿಡಿಯುವುದು ವಾಡಿಕೆ. ಸೂತ್ರ ಕೆಟ್ಟದ್ದಲ್ಲ, ಆದರೆ ಅದು ರೋಗ ಗೊತ್ತಾದ ಮೇಲೆ ಹಾಕುವ ಲೆಕ್ಕ, ಮೊದಲಲ್ಲ.

ಹತ್ತು ವರ್ಷ ದಾಟಿದ್ದರಲ್ಲಿ ಕಂಪ್ರೆಸರ್ ಸುಟ್ಟಿದ್ದರೆ, ಫೋಮ್ ಒಳಗಿನ ಕೊಳವೆ ಸೋರುತ್ತಿದ್ದರೆ, ಬುಡದ ತಗಡು ತುಕ್ಕು ಹಿಡಿದು ಉದುರುತ್ತಿದ್ದರೆ ಹೊಸದೇ ಮೇಲು. ಐದಾರು ವರ್ಷದ್ದಾದರೆ ಮೊದಲು ಖರೀದಿ ಬಿಲ್ ಹುಡುಕಿ. ಹಲವು ಕಂಪೆನಿಗಳು ಇಡೀ ಯಂತ್ರಕ್ಕೆ ಒಂದು ವರ್ಷ ಖಾತರಿ ಕೊಟ್ಟರೂ ಕಂಪ್ರೆಸರಿಗೆ ಹೆಚ್ಚು ವರ್ಷ ಕೊಟ್ಟಿರುತ್ತವೆ. ಅದು ತಿಳಿಯದೆ ಹೊರಗಿನವರಿಗೆ ಹಣ ಕೊಡುವವರು ಅನೇಕರು.

ಹೊಸದು ಕೊಳ್ಳುವಾಗ ನಕ್ಷತ್ರಗಳನ್ನಷ್ಟೇ ಎಣಿಸಬೇಡಿ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ 2006ರಲ್ಲಿ ಸ್ಟಾರ್ ಲೇಬಲ್ ಆರಂಭಿಸಿತು. ಫ್ರಾಸ್ಟ್-ಫ್ರೀ ಫ್ರಿಜ್ಜುಗಳಿಗೆ 2010ರಿಂದ ಕಡ್ಡಾಯವಾಯಿತು. ಕೆಲವು ವರ್ಷಕ್ಕೊಮ್ಮೆ ಅಳತೆಗೋಲು ಬಿಗಿಯಾಗುವುದರಿಂದ ಅಂದಿನ ಐದು ನಕ್ಷತ್ರ ಇಂದಿನ ಐದು ನಕ್ಷತ್ರಕ್ಕೆ ಸಮವಲ್ಲ. ಲೇಬಲ್ಲಿನಲ್ಲಿ ಬರೆದ ‘ವರ್ಷಕ್ಕೆ ಇಷ್ಟು ಯೂನಿಟ್’ ಎಂಬ ಸಂಖ್ಯೆಯನ್ನು ಓದಿ ಹೋಲಿಸಿ. ನಾಲ್ಕು ಜನರ ಮನೆಗೆ ಬೇಕಿಲ್ಲದಷ್ಟು ದೊಡ್ಡದನ್ನು ಕಂತಿನ ಆಸೆಗೆ ತಂದರೆ ಉಳಿತಾಯವೆಲ್ಲ ಅಲ್ಲೇ ಕರಗುತ್ತದೆ. ಹಳೆಯದನ್ನು ‘ಇನ್ನೊಂದಿರಲಿ’ ಎಂದು ಬಾಲ್ಕನಿಯಲ್ಲಿ ಓಡಿಸುತ್ತಿದ್ದರೂ ಅಷ್ಟೆ.

ನೀರಿನಲ್ಲಿ ನಿಂತ ಫ್ರಿಜ್

ಮಾರತ್ತಹಳ್ಳಿಯವರು ಮರೆಯಲಾಗದ ಒಂದು ರಾತ್ರಿಯಿದೆ. 2022ರ ಸೆಪ್ಟೆಂಬರ್ 4ರ ರಾತ್ರಿಯಿಂದ ಮರುದಿನ ಬೆಳಗಿನ ಹೊತ್ತಿಗೆ ಬೆಂಗಳೂರಿನಲ್ಲಿ 131.6 ಮಿಲಿಮೀಟರ್ ಮಳೆ ಸುರಿಯಿತು. ಬೆಳ್ಳಂದೂರು, ಯಮಲೂರು, ಮುನ್ನೇಕೊಳಾಲ, ಸ್ಪೈಸ್ ಗಾರ್ಡನ್ ಸುತ್ತಮುತ್ತ ರಸ್ತೆಗಳು ಕಾಲುವೆಗಳಾದವು, ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಅಂಥ ಮನೆಯಲ್ಲಿ ನಿಂತಿದ್ದ ಫ್ರಿಜ್ಜಿನ ಪ್ರಶ್ನೆ ಬೇರೆಯೇ ಬಗೆಯದು.

ನೀರು ಇಳಿದ ಕೂಡಲೇ ‘ನಡೆಯುತ್ತದೋ ನೋಡೋಣ’ ಎಂದು ಸ್ವಿಚ್ ಹಾಕುವುದು ಪ್ರಾಣಕ್ಕೇ ಅಪಾಯ. ಕಂಪ್ರೆಸರ್ ಬೆಸುಗೆ ಹಾಕಿ ಮುಚ್ಚಿದ ಡಬ್ಬಿಯಾದ್ದರಿಂದ ಅದರೊಳಗೆ ನೀರು ಸುಲಭವಾಗಿ ಹೋಗದು. ಆದರೆ ಅದರ ಪಕ್ಕದ ರಿಲೇ, ವೈರಿನ ಕೊನೆಗಳು, ಸರ್ಕ್ಯೂಟ್ ಬೋರ್ಡ್ ನೆನೆದಿರುತ್ತವೆ. ಬುಡದ ಮೇಲೆ ಕೆಲವೇ ಅಂಗುಲ ನೀರು ನಿಂತಿದ್ದರೆ ಪೂರ್ತಿ ಒಣಗಿಸಿ, ವೈರುಗಳಿಂದ ಮೈಗೆ ಕರೆಂಟ್ ಸೋರುತ್ತಿಲ್ಲವೆಂದು ಉಪಕರಣದಿಂದ ಪರೀಕ್ಷಿಸಿ, ರಿಲೇ ಬದಲಾಯಿಸಿದರೆ ಉಳಿಯಬಹುದು. ಒಳಗಿನ ಅಂತಸ್ತುಗಳವರೆಗೆ ಚರಂಡಿ ಬೆರೆತ ನೀರು ನಿಂತಿದ್ದರೆ ಗೋಡೆಯೊಳಗಿನ ಫೋಮ್ ಅದನ್ನು ಹೀರಿರುತ್ತದೆ. ಅದು ಮತ್ತೆ ಆಹಾರ ಇಡಲು ತಕ್ಕದ್ದಲ್ಲ. ಮನೆಗೆ ವಿಮೆ ಇದ್ದರೆ ಗುಜರಿಗೆ ಕೊಡುವ ಮುನ್ನ ಫೋಟೋ ತೆಗೆದಿಡುವುದನ್ನು ಮರೆಯಬಾರದು. ಮಳೆಗಾಲದಲ್ಲಿ ನೀರು ನುಗ್ಗುವ ತಗ್ಗಿನ ಮನೆಗಳಲ್ಲಿ ಫ್ರಿಜ್ಜಿಗೆ ಗಟ್ಟಿಯಾದ ಎತ್ತರದ ಪೀಠ ಮಾಡಿಸುವುದು ಕಡಿಮೆ ಖರ್ಚಿನ ರಕ್ಷಣೆ.

ವಿದ್ಯಾರ್ಥಿಗಳ ಕೋಣೆಗೆ ಹಳೆಯ ಫ್ರಿಜ್

ಕೋರ್ಸು, ಕೆಲಸ ಹುಡುಕಿ ಊರಿಂದ ಬಂದು ಮೂರು ನಾಲ್ಕು ಜನ ಸೇರಿ ಮನೆ ಹಿಡಿಯುವ ಹುಡುಗ ಹುಡುಗಿಯರು ಮಾರತ್ತಹಳ್ಳಿಯಲ್ಲಿ ಬಹಳ. ಒಬ್ಬರು ಮಾರುವ ಹಳೆಯ ಫ್ರಿಜ್ ಇನ್ನೊಬ್ಬರ ಕೋಣೆ ಸೇರುತ್ತದೆ. ಕೊಳ್ಳುವವರು ಅದನ್ನು ಓಡುತ್ತಿರುವಾಗಲೇ ನೋಡಬೇಕು. ಮೊದಲೇ ಹೇಳಿ ಹಿಂದಿನ ರಾತ್ರಿಯಿಂದ ಹಾಕಿರಿಸಿ, ಫ್ರೀಜರಿನಲ್ಲಿ ನೀರು ಗಟ್ಟಿಯಾಗಿದೆಯೇ, ಕಂಪ್ರೆಸರ್ ನಡುನಡುವೆ ನಿಂತು ವಿಶ್ರಾಂತಿ ಪಡೆಯುತ್ತದೆಯೇ, ಬಾಗಿಲು ನೋಟನ್ನು ಹಿಡಿಯುತ್ತದೆಯೇ, ಚೀಟಿಯಲ್ಲಿ ಯಾವ ಅನಿಲವಿದೆ ಎಂದು ನೋಡಬೇಕು. ಹೊಸದಾಗಿ ಗ್ಯಾಸ್ ತುಂಬಿಸಿದ್ದು ಎಂದು ಹೊಗಳಿದರೆ ಅದು ಗುಣವಲ್ಲ, ಎಚ್ಚರಿಕೆ.

ಸಾಗಿಸುವಾಗ ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿ ತಂದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿಯುತ್ತದೆ. ಹಾಗೆ ತಂದದ್ದಾದರೆ ಹಲವು ಗಂಟೆ ನೆಟ್ಟಗೆ ನಿಲ್ಲಿಸಿ ಆಮೇಲೆ ಸ್ವಿಚ್ ಹಾಕಬೇಕು. ಒಂದೆರಡು ವರ್ಷವಷ್ಟೇ ಇರುವವರಿಗೆ ತಿಂಗಳ ಬಾಡಿಗೆಯ ಫ್ರಿಜ್ಜೂ ಒಂದು ದಾರಿ. ಒಟ್ಟು ತಿಂಗಳುಗಳ ಬಾಡಿಗೆ ಕೂಡಿಸಿ ಹೊಸದರ ಬೆಲೆಯೊಂದಿಗೆ ಹೋಲಿಸಿದರೆ ಯಾವುದು ಅಗ್ಗವೆಂದು ತಿಳಿಯುತ್ತದೆ.

ಹಳೆಯದು ಎಲ್ಲಿಗೆ ಹೋಗುತ್ತದೆ?

ಗುಜರಿಯವನು ಫ್ರಿಜ್ ಕೊಂಡರೆ ಅವನಿಗೆ ಬೇಕಾದದ್ದು ಕಂಪ್ರೆಸರಿನ ತಾಮ್ರ ಮತ್ತು ಕಬ್ಬಿಣ. ಕೊಳವೆ ಕತ್ತರಿಸಿದ ಕ್ಷಣದಲ್ಲಿ ಒಳಗಿನ ಅನಿಲವೆಲ್ಲ ಗಾಳಿಗೆ ಹೋಗುತ್ತದೆ. ಆರ್-134ಎ ಓಜೋನಿಗೆ ಹಾನಿ ಮಾಡದಿದ್ದರೂ ತೂಕಕ್ಕೆ ತೂಕ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುವ ಅನಿಲ. ಅದನ್ನೂ ಹಂತಹಂತವಾಗಿ ಇಳಿಸಬೇಕೆಂದು 2016ರಲ್ಲಿ ರುವಾಂಡದ ಕಿಗಾಲಿಯಲ್ಲಿ ದೇಶಗಳು ಒಪ್ಪಿದವು. ಭಾರತ 2021ರಲ್ಲಿ ಆ ತಿದ್ದುಪಡಿಯನ್ನು ಅನುಮೋದಿಸಿತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಫ್ರಿಜ್ಜುಗಳ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಆದ್ದರಿಂದ ಹೊಸದು ಕೊಳ್ಳುವಾಗ ಹಳೆಯದು ನೋಂದಾಯಿತ ಘಟಕಕ್ಕೆ ಹೋಗುತ್ತದೆಯೇ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ. ದೇಶದ ಆರಂಭದ ಇ-ತ್ಯಾಜ್ಯ ಘಟಕಗಳಲ್ಲಿ ಒಂದಾದ ಇ-ಪರಿಸರ ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲೇ ಇದೆ.

ಕೆಟ್ಟ ಫ್ರಿಜ್ಜನ್ನು ಮಹಡಿಯಲ್ಲೋ ಮೆಟ್ಟಿಲ ಕೆಳಗೋ ಇಡುವವರು ತಪ್ಪದೆ ಬಾಗಿಲು ಬಿಚ್ಚಿಡಬೇಕು. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಒಳಗೆ ಸೇರಿ ಉಸಿರುಕಟ್ಟಿ ಸತ್ತ ಘಟನೆಗಳಿಂದಲೇ ಅಮೆರಿಕದಲ್ಲಿ 1956ರಲ್ಲಿ ಫ್ರಿಜ್ ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕೆಂಬ ಕಾನೂನು ಬಂತು. ಇಂದಿನ ಆಯಸ್ಕಾಂತದ ಬಾಗಿಲೂ ಪುಟ್ಟ ಮಗುವಿಗೆ ಬಿಗಿಯೇ.

ರಿಪೇರಿಯವರ ಬೆಲೆ

ಇಷ್ಟೆಲ್ಲ ಹೇಳಿದ ಮೇಲೆ ಮೆಕ್ಯಾನಿಕ್ಕನ್ನು ಅನುಮಾನದಿಂದಲೇ ನೋಡಬೇಕೆಂದು ಅರ್ಥವಲ್ಲ. ತೂತು ಹುಡುಕಿ, ಒತ್ತಡ ಅಳೆದು, ಸರಿಯಾದ ಅನಿಲವನ್ನು ತೂಕ ಮಾಡಿ ತುಂಬುವ ಕೆಲಸಕ್ಕೆ ಸಮಯ ಬೇಕು, ಓದು ಬೇಕು. ಅಂಥವರು ಕೇಳುವ ಕೂಲಿಗೆ ಚೌಕಾಶಿ ಮಾಡಿ, ಅರ್ಧ ಗಂಟೆಯಲ್ಲಿ ಗ್ಯಾಸ್ ತುಂಬಿ ಹೋಗುವವನನ್ನು ಕರೆದರೆ ನಷ್ಟ ಮನೆಗೇ. ಬದಲಾಯಿಸಿದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ, ಏನು ಮಾಡಿದರೆಂದು ಬರೆದ ರಸೀದಿ ಇಟ್ಟುಕೊಳ್ಳಿ. ಕಂಪೆನಿಗಳು ಬಿಡಿಭಾಗ, ಕೈಪಿಡಿಗಳನ್ನು ಒದಗಿಸಬೇಕೆಂಬ ‘ರಿಪೇರಿಯ ಹಕ್ಕಿ’ಗಾಗಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಜಾಲತಾಣ ತೆರೆಯಿತು. ಅನ್ಯಾಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಹತ್ತನೆಯ ತರಗತಿ ಮುಗಿಸಿ ಮುಂದೇನು ಎಂದು ಯೋಚಿಸುವವರಿಗೆ ಇಲ್ಲೊಂದು ದಾರಿಯೂ ಇದೆ. ಐ.ಟಿ.ಐ.ಗಳಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ತಂತ್ರಜ್ಞರ ಎರಡು ವರ್ಷದ ತರಬೇತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಭಾರತ ಶೀತಲೀಕರಣ ಕ್ರಿಯಾ ಯೋಜನೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ ಕೊಡುವ ಗುರಿ ಇಟ್ಟುಕೊಂಡಿತ್ತು. ಹೊಸ ಅನಿಲಗಳು ಬಂದಂತೆ ಓದಿ ಕಲಿತ ಕೈಗಳಿಗೆ ಬೇಡಿಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳನ್ನೆಲ್ಲ ತಂಪಾಗಿಡುತ್ತಿರುವವರೂ ಇದೇ ವಿದ್ಯೆಯವರು.

ಫ್ರಿಜ್ ನಿಂತ ದಿನ ಮಾಡಬೇಕಾದದ್ದು

• ಬಾಗಿಲು ಪದೇ ಪದೇ ತೆರೆಯಬೇಡಿ. ಮುಚ್ಚಿಟ್ಟರೆ ಒಳಗಿನ ತಂಪು ಸುಮಾರು ನಾಲ್ಕು ಗಂಟೆ ಉಳಿಯುತ್ತದೆ.

• ಹಾಲು ಕಾಯಿಸಿಡಿ, ಹಿಟ್ಟನ್ನು ಅಂದೇ ಬಳಸಿ. ಮಾಂಸ, ಮೀನು ಮೆತ್ತಗಾಗಿ ಬೆಚ್ಚಗಾಗಿದ್ದರೆ ಎಸೆಯಿರಿ.

• ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಕೆಯಲ್ಲಿರುವುದು ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಇರಬಲ್ಲದು. ಆದರೂ ಚೀಟಿ ಓದಿ, ವೈದ್ಯರನ್ನು ಕೇಳಿ. ಸದ್ಯಕ್ಕೆ ನೀರು ತಾಗದಂತೆ ಡಬ್ಬಿಯಲ್ಲಿ ಹಾಕಿ ಮಣ್ಣಿನ ಮಡಕೆಯ ತಂಪಿನಲ್ಲಿಡಬಹುದು. ಐಸ್ ಮೇಲೆ ನೇರವಾಗಿ ಇಡಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

• ಪ್ಲಗ್, ವೋಲ್ಟೇಜ್, ಬಾಗಿಲ ರಬ್ಬರ್, ಹಿಂದಿನ ಧೂಳು, ಗೋಡೆಯ ಅಂತರ: ಈ ಐದನ್ನು ನೋಡಿದ ಮೇಲೆ ಮೆಕ್ಯಾನಿಕ್ ಕರೆಯಿರಿ.

• ಕೆಟ್ಟ ಭಾಗದ ಹೆಸರು, ರಿಪೇರಿ ಖರ್ಚು, ಅದಕ್ಕೆಷ್ಟು ದಿನದ ಖಾತರಿ: ಮೂರನ್ನೂ ಬರೆಸಿಕೊಂಡು, ಒಂದು ರಾತ್ರಿ ಯೋಚಿಸಿ, ಮರುದಿನ ಅಂಗಡಿಗೆ ಹೋಗಿ.